ಮಂದ ಬೆಳಕಿನಲ್ಲಿ ಕಣ್ಣಿನ ಸಾಕ್ಷ್ಯ

ಒಂದೇ ಮಿಣುಕು ಬೆಳಕನ್ನು ಹತ್ತು ಸಲ ತೋರಿಸಿದರೆ ಕಣ್ಣಿನ ನರಕೋಶಗಳು ಹತ್ತು ಸಲವೂ ಒಂದೇ ರೀತಿ ಉತ್ತರಿಸುವುದಿಲ್ಲ. ಈ ಏರುಪೇರಿಗೆ ಕಾರಣವೇನು? ನರದ ದೋಷವೆಂದು ಹೇಳಿಬಿಡುವುದು ಸುಲಭ. ಆದರೆ ವಿಜ್ಞಾನದ ಇತಿಹಾಸ ಅಷ್ಟು ಬೇಗ ತೀರ್ಪು ಕೊಡಲಿಲ್ಲ.

1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಹೆಕ್ಟ್, ಶ್ಲೇಯರ್ ಮತ್ತು ಪಿರೆನ್ ತಮ್ಮ ಪ್ರಯೋಗದ ವಿವರ ಪ್ರಕಟಿಸಿದರು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕ್ಷಣಮಾತ್ರದ ಬೆಳಕು ಕಾಣಲು ಅಕ್ಷಿಪಟಲ 5ರಿಂದ 14 ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಹೀರಿಕೊಂಡರೆ ಸಾಕು. ಆದರೆ ಅದೇ ಬೆಳಕು ಒಮ್ಮೆ ಕಾಣುತ್ತಿತ್ತು, ಇನ್ನೊಮ್ಮೆ ಕಾಣುತ್ತಿರಲಿಲ್ಲ. ಗಾಂಧಿ ಬಜಾರಿನ ಎರಡು ಸಮನಾದ ಕಲ್ಲುಚಪ್ಪಡಿಗಳ ಮೇಲೆ ಬೀಳುವ ಮಳೆಹನಿಗಳನ್ನು ಎಣಿಸಿ ನೋಡಿ. ಲೆಕ್ಕ ಒಂದೇ ಆಗದು. ಫೋಟಾನುಗಳೂ ಹಾಗೆಯೇ. ಏರುಪೇರಿನ ಮೊದಲ ಮೂಲ ಬೆಳಕೇ!

ಈ ಪ್ರಶ್ನೆ ನಮ್ಮ ಊರಿನಲ್ಲೂ ಒಬ್ಬರನ್ನು ಕಾಡಿತು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ, ಮಲ್ಲೇಶ್ವರದ ‘ಪಂಚವಟಿ’ ಮನೆಯ ಒಡೆಯರಾಗಿದ್ದ ಸರ್ ಸಿ. ವಿ. ರಾಮನ್ ತಮ್ಮ ಬಾಳಿನ ಕೊನೆಯ ದಶಕವನ್ನು ಬಹುಪಾಲು ದೃಷ್ಟಿಯ ಅಧ್ಯಯನಕ್ಕೆ ಮೀಸಲಿಟ್ಟರು. ಮಬ್ಬು ಬೆಳಕಿನ ಬಿಳಿಯ ತೆರೆಯಲ್ಲಿ ಕಾಣುವ ಹೊಳಪಿನ ಏರಿಳಿತಕ್ಕೆ ಬೆಳಕು ಕಣಗಳಾಗಿ ಬರುವುದೇ ಕಾರಣವೆಂದು ವಾದಿಸಿದರು. ಅವರ ‘ದಿ ಫಿಸಿಯಾಲಜಿ ಆಫ್ ವಿಷನ್’ 1968ರಲ್ಲಿ ಹೊರಬಂತು. ಅದರಲ್ಲಿನ ಬಣ್ಣದ ಗ್ರಹಿಕೆಯ ಸಿದ್ಧಾಂತವನ್ನು ತಜ್ಞರು ಒಪ್ಪಲಿಲ್ಲ. ಆದರೂ ನರವನ್ನು ದೂರುವ ಮೊದಲು ಬೆಳಕನ್ನೇ ವಿಚಾರಿಸಬೇಕೆಂಬ ಅವರ ದಾರಿ ಸರಿಯಾಗಿತ್ತು.

ಎರಡನೆಯ ಮೂಲ ಕಣ್ಣಿನೊಳಗೇ ಇದೆ. 1979–80ರಲ್ಲಿ ಬೇಲರ್ ಮತ್ತು ಸಂಗಡಿಗರು ನೆಲಗಪ್ಪೆಯ ಕಣ್ಣಿನ ಒಂದೊಂದೇ ದಂಡಕೋಶದಿಂದ ವಿದ್ಯುತ್ ಸಂಕೇತಗಳನ್ನು ಅಳೆದರು. ಒಂದು ಫೋಟಾನಿಗೂ ಕೋಶ ಉತ್ತರಿಸಿತು. ಪೂರ್ಣ ಕತ್ತಲಲ್ಲೂ, ಸುಮಾರು 50 ಸೆಕೆಂಡಿಗೊಮ್ಮೆ, ಬೆಳಕು ಬಂತೆಂಬ ಸುಳ್ಳು ಸುದ್ದಿ ಕೊಟ್ಟಿತು. ಶಾಖದಿಂದ ರೊಡಾಪ್ಸಿನ್ ಅಣುವೊಂದು ತಾನಾಗಿ ಬದಲಾಗುವುದೇ ಅದಕ್ಕೆ ಕಾರಣ.

ಹಾಗಾದರೆ ನರಕೋಶವೇ ನಂಬಿಕೆಗೆ ಅನರ್ಹವೇ? 1995ರಲ್ಲಿ ಮೇನೆನ್ ಮತ್ತು ಸೆಜ್ನೋವ್ಸ್ಕಿ ಇಲಿಯ ಮೆದುಳಿನ ನರಕೋಶಕ್ಕೆ ಏರಿಳಿಯುವ ಒಂದೇ ವಿದ್ಯುತ್ ಪ್ರವಾಹವನ್ನು ಮತ್ತೆ ಮತ್ತೆ ಹಾಯಿಸಿದರು. ಅದು ಪ್ರತಿಸಲವೂ ಹೆಚ್ಚುಕಡಿಮೆ ಅದೇ ಮಿಲಿಸೆಕೆಂಡಿನಲ್ಲಿ ಮಿಡಿಯಿತು! ಜೀವಂತ ಮೆದುಳಿನಲ್ಲಾದರೋ ಎಚ್ಚರ, ಗಮನ, ನೆರೆಯ ಸಾವಿರಾರು ಕೋಶಗಳ ಮಾತು ಎಲ್ಲವೂ ಬಂದು ಸೇರುತ್ತವೆ.

ನಿಮ್ಮ ಪ್ರಯೋಗಶಾಲೆಯಲ್ಲಿ ಅಳತೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅವನ್ನು ಒಡನೆ ಅಳಿಸಿಬಿಡಬೇಡಿ. ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಕೇಳಿ. ಬೆಳಕು ಕಣಗಳಾಗಿ ಬರುವುದನ್ನು ಮನುಷ್ಯರ ಕಣ್ಣು ತಿಳಿಸಿಕೊಟ್ಟದ್ದು ಇಂಥ ವ್ಯತ್ಯಾಸಗಳ ಮೂಲಕವೇ.