ಒಗಟು ಪೆಟ್ಟಿಗೆಯ ಬೆಕ್ಕು: ಕಲಿಕೆಯೋ, ಸ್ವಾಗತವೋ?

ಸಾಕುಬೆಕ್ಕಿಗೆ ಏನನ್ನಾದರೂ ಕಲಿಸಬಹುದೇ ಎಂಬ ಪ್ರಶ್ನೆಗೆ ಪ್ರಯೋಗದ ಉತ್ತರ ದೊರೆತು ನೂರಿಪ್ಪತ್ತು ವರ್ಷ ಮೀರಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಮರದ ಒಗಟು ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಮೀನಿನ ತುಂಡು ಇಟ್ಟು ನೋಡಿದರು. ಫಲಿತಾಂಶ 1898ರಲ್ಲಿ ಪ್ರಕಟವಾಯಿತು. ಮೊದಲ ಸಲ ಪರಚಿ, ಕಚ್ಚಿ, ಸಂದಿಯಲ್ಲಿ ತೂರಲು ಹೆಣಗಿದ ಬೆಕ್ಕು ಆಕಸ್ಮಿಕವಾಗಿ ದಾರದ ಕುಣಿಕೆ ಎಳೆದು ಹೊರಬಂತು. ಮತ್ತೆ ಮತ್ತೆ ಕೂಡಿದಾಗ ಅದಕ್ಕೆ ಹಿಡಿಯುವ ಹೊತ್ತು ಕ್ರಮೇಣ ಇಳಿಯಿತು.

ಅದೇ ಪ್ರಬಂಧದ ಇನ್ನೊಂದು ಭಾಗಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನ್ನ ಭಾವನೆ. ಕೆಲವು ಬೆಕ್ಕುಗಳು ಮೈ ನೆಕ್ಕಿಕೊಂಡಾಗ ಅಥವಾ ಕೆರೆದುಕೊಂಡಾಗ ಥಾರ್ನ್‌ಡೈಕ್ ತಾವೇ ಬಾಗಿಲು ತೆರೆದರು. ಅದನ್ನೂ ಅವು ಕಲಿತವು. ಆದರೆ ಬರಬರುತ್ತಾ ನೆಕ್ಕುವುದು ನೆಪಮಾತ್ರಕ್ಕೆ ಇಳಿಯಿತು. ಅಂದರೆ ಎಲ್ಲ ಚಲನೆಗಳೂ ಬಹುಮಾನಕ್ಕೆ ಒಂದೇ ರೀತಿ ಬಗ್ಗುವುದಿಲ್ಲ.

1946ರಲ್ಲಿ ಎಡ್ವಿನ್ ಗತ್ರೀ ಮತ್ತು ಜಾರ್ಜ್ ಹಾರ್ಟನ್ ಪೆಟ್ಟಿಗೆಯೊಳಗೆ ಒಂದು ಕಂಬ ನಿಲ್ಲಿಸಿದರು. ಅದು ಅಲುಗಿದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕುಗಳು ಕಂಬಕ್ಕೆ ಮೈ ಉಜ್ಜುವುದನ್ನು ಬಹುತೇಕ ಒಂದೇ ಭಂಗಿಯಲ್ಲಿ ಪುನರಾವರ್ತಿಸಿದವು. ಯಾಂತ್ರಿಕ ಕಲಿಕೆಗೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡವೆನಿಸಿತು. ಮೂರು ದಶಕಗಳ ನಂತರ, 1979ರಲ್ಲಿ, ಬ್ರೂಸ್ ಮೂರ್ ಮತ್ತು ಸೂಸನ್ ಸ್ಟಟರ್ಡ್ ಬಾಗಿಲನ್ನೂ ತೆರೆಯದೆ, ತಿನಿಸನ್ನೂ ಕೊಡದೆ ಬೆಕ್ಕುಗಳನ್ನು ಗಮನಿಸಿದರು. ಎದುರಿಗೆ ಮನುಷ್ಯ ಕಂಡಾಗ ಬೆಕ್ಕು ಕಂಬಕ್ಕೆ ಮೈ ಉಜ್ಜಿತು, ಕಾಣದಿದ್ದಾಗ ಉಜ್ಜಲಿಲ್ಲ. ಹೊರಗೆ ಕುಳಿತ ವಿಜ್ಞಾನಿಗಳನ್ನು ಅದು ಸ್ವಾಗತಿಸುತ್ತಿತ್ತು! ಮನೆಗೆ ಬಂದವರ ಕಾಲಿಗೆ ಒರಸಿಕೊಳ್ಳುವ ಅದೇ ವರ್ತನೆ. ಕಾಲು ಎಟುಕದ್ದರಿಂದ ಕಂಬಕ್ಕೆ ಸಂದಿತು. ವೀಕ್ಷಕನ ಇರುವಿಕೆಯೇ ಫಲಿತಾಂಶವನ್ನು ಹುಟ್ಟಿಸಬಲ್ಲದೆಂಬುದಕ್ಕೆ ಇಷ್ಟು ನಿಚ್ಚಳ ಉದಾಹರಣೆ ಅಪರೂಪ.

ಹಾಗೆಂದು ಥಾರ್ನ್‌ಡೈಕರ ತೀರ್ಮಾನ ಬಿದ್ದುಹೋಗುವುದಿಲ್ಲ. ಕುಣಿಕೆ ಎಳೆಯುವುದು ಸ್ವಾಗತದ ಅಂಗವಲ್ಲ. ಅದನ್ನು ಬೆಕ್ಕು ಕಲಿತದ್ದು ನಿಜ. ಆದರೆ ತರಬೇತಿಯ ಫಲವೆನ್ನುವ ಮುನ್ನ, ಆ ವರ್ತನೆ ಬೆಕ್ಕಿನಲ್ಲಿ ಮೊದಲೇ ಇತ್ತೇ ಎಂದು ಕೇಳಲೇಬೇಕು. ಎಸೆದ ವಸ್ತುವನ್ನು ಕಚ್ಚಿ ತರುವ ಬೆಕ್ಕುಗಳ ಬಗ್ಗೆ 2023ರಲ್ಲಿ ಪ್ರಕಟವಾದ ಬ್ರಿಟಿಷ್ ಸಮೀಕ್ಷೆಯಲ್ಲೂ, ಬಹುಪಾಲು ಬೆಕ್ಕುಗಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಕಲಿಸಿಯೇ ಕಲಿತ ಸಾಕ್ಷ್ಯ 2017ರ ಅಮೆರಿಕನ್ ಅಧ್ಯಯನದಲ್ಲಿದೆ. ಆಶ್ರಯಧಾಮದ 100 ಬೆಕ್ಕುಗಳಿಗೆ ಐದೈದು ನಿಮಿಷದ 15 ಪಾಠ. ಕ್ಲಿಕ್ಕರ್ ಎಂಬ ಪುಟ್ಟ ಸಾಧನದ ಸದ್ದು, ಒಡನೆಯೇ ತಿನಿಸು. ಗುರಿಗೆ ಮೂಗು ತಾಗಿಸುವುದು, ಕೂರುವುದು, ಸುತ್ತು ತಿರುಗುವುದು, ಪಂಜ ಎತ್ತಿ ಕೈಗೆ ತಾಗಿಸುವುದು: ಈ ನಾಲ್ಕರಲ್ಲೂ ಪ್ರಗತಿ ಕಂಡಿತು. ತಿನಿಸಿನ ಆಸೆ ಹೆಚ್ಚಿದ್ದವು ಪಂಜ ತಾಗಿಸುವುದರಲ್ಲಿ ಮುಂದಿದ್ದವು. ಗದರಿಕೆಗೆ ಇಲ್ಲಿ ಜಾಗವೇ ಇಲ್ಲ. ಗದರಿಸಿದರೆ ಬೆಕ್ಕು ಕಲಿಯುವುದು ಗದರಿಸುವವರಿಂದ ದೂರ ಸರಿಯುವುದನ್ನು.

ಪಂಜ ಎತ್ತಿಸುವುದಕ್ಕಿಂತ ಬೆಕ್ಕನ್ನು ಸಾಗಿಸುವ ಬುಟ್ಟಿಗೆ ಒಗ್ಗಿಸುವುದು ನನಗೆ ಎಷ್ಟೋ ಮುಖ್ಯವಾಗಿ ಕಾಣುತ್ತದೆ. ವಿಯೆನ್ನಾದ ಸಂಶೋಧಕರ 2018ರ ಅಧ್ಯಯನದಲ್ಲಿ, ಸಾಗಿಸುವ ಬುಟ್ಟಿಗೆ ಹಂತಹಂತವಾಗಿ ಒಗ್ಗಿದ ಬೆಕ್ಕುಗಳು ಕಾರಿನಲ್ಲಿ ಕಡಿಮೆ ಒತ್ತಡ ತೋರಿದವು, ವೈದ್ಯರ ತಪಾಸಣೆಯೂ ಬೇಗ ಮುಗಿಯಿತು. ಬುಟ್ಟಿ ಕಂಡರೆ ಮಂಚದಡಿ ಸೇರುವ ಬೆಕ್ಕಿಗೆ ಚಿಕಿತ್ಸೆ ತಡವಾಗುತ್ತದೆ. ಬುಟ್ಟಿಯನ್ನು ಆಸ್ಪತ್ರೆಯ ದಿನ ಮಾತ್ರ ಅಟ್ಟದಿಂದ ಇಳಿಸದೆ, ಬಾಗಿಲು ತೆರೆದು ನೆಲದ ಮೇಲೇ ಬಿಟ್ಟು, ಒಳಗೆ ದಿನವೂ ಒಂದು ತುತ್ತು ಇಡುವುದರಿಂದ ಈ ತರಬೇತಿ ಶುರುವಾಗಬಹುದು.