ವೈಟ್‌ಗೆ ಹಿಡಿಸದ ಹಾಡುಗಳು: 1973ರ ‘ಷಾರ್ಲಟ್ಸ್ ವೆಬ್’

ಹನ್ನಾ-ಬಾರ್ಬೆರಾ ಅಂದ್ರೆ ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ನಮಗೆ ನೆನಪಾಗೋದು ಸ್ಕೂಬಿ-ಡೂ, ಫ್ಲಿಂಟ್‌ಸ್ಟೋನ್ಸ್. ಅದೇ ಸ್ಟುಡಿಯೊ 1973ರಲ್ಲಿ ಹಾಡುಗಳಿಂದ ತುಂಬಿದ ಒಂದು ಪೂರ್ತಿ ಸಿನಿಮಾ ಮಾಡಿತ್ತು: ‘ಷಾರ್ಲಟ್ಸ್ ವೆಬ್’. ಹಳೇ ಅನಿಮೇಷನ್ ಬಗ್ಗೆ ಮಾತು ಬಂದಾಗ ನಾವೆಲ್ಲ ಡಿಸ್ನಿ ಹೆಸರು ಹೇಳಿ ಮುಗಿಸ್ತೀವಿ. ಇದರ ಹೆಸರು ಎತ್ತೋರು ಕಡಿಮೆ.

ಕಥೆಯ ಬೇರು ಒಂದು ಹಂದಿಯ ಸಾವಿನಲ್ಲಿದೆ. ಅಮೆರಿಕದ ಲೇಖಕ ಇ. ಬಿ. ವೈಟ್‌ಗೆ ಮೇಯ್ನ್ ರಾಜ್ಯದಲ್ಲಿ ಒಂದು ತೋಟ ಇತ್ತು. ಮಾಂಸಕ್ಕಾಗಿಯೇ ಸಾಕಿದ್ದ ಹಂದಿಯೊಂದು ಕಾಯಿಲೆ ಬಿದ್ದಾಗ ಅದನ್ನು ಉಳಿಸೋಕೆ ಅವರು ಒದ್ದಾಡಿದರು, ಆದರೆ ಆಗಲಿಲ್ಲ. 1948ರಲ್ಲಿ ಅದರ ಬಗ್ಗೆ ಒಂದು ಪ್ರಬಂಧ ಬರೆದರು. 1952ರಲ್ಲಿ ಬಂದ ಕಾದಂಬರಿಯಲ್ಲಿ ಹಂದಿ ಉಳಿಯುತ್ತದೆ. ವಿಲ್ಬರ್ ಎಂಬ ಮರಿಯನ್ನು ಕಸಾಯಿ ಕತ್ತಿಯಿಂದ ಪಾರು ಮಾಡೋಕೆ ಷಾರ್ಲಟ್ ಎಂಬ ಜೇಡ ತನ್ನ ಬಲೆಯಲ್ಲಿ ಅವನನ್ನು ಹೊಗಳುವ ಪದಗಳನ್ನು ನೇಯುತ್ತಾಳೆ. ವೈಟ್ ಜೇಡಗಳ ಬಗ್ಗೆ ಎಷ್ಟು ಓದಿದ್ದರು ಅಂದ್ರೆ, ಅವಳ ಪೂರ್ತಿ ಹೆಸರಲ್ಲಿರುವ ‘ಕವಾಟಿಕಾ’ ಬಂದದ್ದು ಕೊಟ್ಟಿಗೆ ಜೇಡದ ವೈಜ್ಞಾನಿಕ ಹೆಸರಿನಿಂದ.

ಸಿನಿಮಾ ನಿರ್ದೇಶಿಸಿದ್ದು ಚಾರ್ಲ್ಸ್ ನಿಕೋಲ್ಸ್ ಮತ್ತು ಇವಾವೊ ಟಕಮೊಟೊ. ಸ್ಕೂಬಿ-ಡೂ ರೂಪ ಬಿಡಿಸಿದ್ದೂ ಇದೇ ಟಕಮೊಟೊ. ಹಾಡುಗಳು ಶೆರ್ಮನ್ ಸಹೋದರರದ್ದು, ಅಂದ್ರೆ ‘ಮೇರಿ ಪಾಪಿನ್ಸ್’, ‘ಜಂಗಲ್ ಬುಕ್’ ಜೋಡಿ. ಷಾರ್ಲಟ್‌ಗೆ ದನಿ ಕೊಟ್ಟದ್ದು ಡೆಬಿ ರೆನಾಲ್ಡ್ಸ್. ಸ್ವಾರ್ಥಿ ಇಲಿ ಟೆಂಪಲ್ಟನ್‌ಗೆ ಪಾಲ್ ಲಿಂಡ್. ಜಾತ್ರೆಯ ಎಂಜಲು ಮೇಯುವ ಅವನ ಹಾಡು ನಿಜಕ್ಕೂ ಮಜಾ ಇದೆ. ಚಿತ್ರದ ಚಲನೆ ಮಾತ್ರ ಟಿವಿ ಕಾರ್ಟೂನ್ ಥರ ಸರಳ. ಡಿಸ್ನಿ ಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತೆ, ಒಪ್ಪಿಕೊಳ್ಳೋಣ.

ವೈಟ್‌ಗೆ ಈ ಸಿನಿಮಾ ಹಿಡಿಸಲಿಲ್ಲ. ಕಥೆ ಓಡ್ತಾ ಇರುವಾಗ ಮತ್ತೆ ಮತ್ತೆ ಹಾಡು ಬಂದು ಅಡ್ಡ ನಿಲ್ಲುತ್ತೆ ಅನ್ನೋದು ಅವರ ಸಿಟ್ಟು. ಕೆಲವು ಹಾಡುಗಳ ಮಟ್ಟಿಗೆ ಅವರ ಮಾತು ಸರಿ. ವಿಲ್ಬರ್ ಮಾತು ಕಲಿತ ಖುಷಿಗೆ ಹಾಡುವ ಹಾಡು ಇಲ್ಲದಿದ್ದರೂ ನಡೀತಿತ್ತು.

ಆದ್ರೆ ಒಂದು ಹಾಡಿನ ವಿಷಯದಲ್ಲಿ ನಾನು ಲೇಖಕರ ಪಕ್ಷ ಬಿಡ್ತೀನಿ. ‘ಮದರ್ ಅರ್ಥ್ ಅಂಡ್ ಫಾದರ್ ಟೈಮ್’ ಹುಟ್ಟು-ಸಾವಿನ ಚಕ್ರದ ಬಗ್ಗೆ ಷಾರ್ಲಟ್ ಹಾಡುವ ಹಾಡು. ಕೊನೆಯಲ್ಲಿ, ಶಕ್ತಿಯೆಲ್ಲ ಸೋರಿಹೋದ ದನಿಯಲ್ಲಿ ಅದೇ ಹಾಡು ಮತ್ತೆ ಬರುತ್ತೆ. ಆಮೇಲೆ ಅವಳು ಸಾಯ್ತಾಳೆ. ಮಂತ್ರ, ಪವಾಡ ಯಾವುದೂ ಅವಳನ್ನು ವಾಪಸ್ ತರಲ್ಲ. ಮಕ್ಕಳ ಸಿನಿಮಾದಲ್ಲಿ ಇಷ್ಟು ನೇರವಾಗಿ ಸಾವನ್ನು ಉಳಿಸಿಕೊಳ್ಳೋಕೆ ಧೈರ್ಯ ಬೇಕು. ವೈಟ್ ಪುಸ್ತಕದಲ್ಲಿ ಕಾಪಾಡಿದ ಮುಖ್ಯ ಸಂಗತಿ ಇದೇ, ಸಿನಿಮಾ ಅದನ್ನು ಬಿಟ್ಟುಕೊಡಲಿಲ್ಲ.

ಐದು ವರ್ಷದ ನನ್ನ ಮಗಳು ಕೇಳಿದಳು, ‘ಅಪ್ಪ, ನೆಕ್ಸ್ಟ್ ಪಾರ್ಟಲ್ಲಿ ಎದ್ದೇಳ್ತಾಳಾ?’ ಇಲ್ಲ ಅಂದೆ. ಅತ್ತಳು. ಸ್ವಲ್ಪ ಹೊತ್ತಿಗೆ ಷಾರ್ಲಟ್‌ನ ನೂರಾರು ಮರಿಗಳು ಗಾಳಿಗೆ ಎಳೆ ಬಿಟ್ಟು ಒಂದೊಂದಾಗಿ ಹಾರಿಹೋಗ್ತವೆ. ಮೂರು ಮಾತ್ರ ಕೊಟ್ಟಿಗೆಯಲ್ಲೇ ಉಳೀತವೆ. ಊರು ಬಿಟ್ಟು ಬಂದ ನಮಗೆ ಆ ದೃಶ್ಯ ವಿವರಿಸಬೇಕಾಗಿಲ್ಲ. ಮಗಳು ಕಣ್ಣೊರೆಸಿಕೊಂಡು ಉಳಿದ ಮೂರನ್ನೇ ಎಣಿಸ್ತಿದ್ದಳು.

ಈ ವೀಕೆಂಡ್ ಮನೆಮಂದಿ ಜೊತೆ ನೋಡಿ. ಮಕ್ಕಳು ಪ್ರಶ್ನೆ ಕೇಳಿದ್ರೆ ದಯವಿಟ್ಟು ನಿಜ ಹೇಳಿ. ಮತ್ತೆ ಸಿಗೋಣ.