'ಔಮುವಾಮುವಾ': ಅನ್ಯಗ್ರಹದ ನೌಕೆಯೋ, ಬರೀ ಕಲ್ಲೋ?

ಹಾರುವ ತಟ್ಟೆ ಕಂಡವರ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಅನ್ಯಗ್ರಹದವರ ನೌಕೆ ನಮ್ಮ ಕಡೆ ಬಂದಿತ್ತೇ ಎಂದು ಖಗೋಳ ವಿಜ್ಞಾನಿಗಳೇ ವಾದಕ್ಕಿಳಿದದ್ದು ಅಪರೂಪ. ಅದಕ್ಕೆ ಕಾರಣವಾದದ್ದು 'ಔಮುವಾಮುವಾ' ಎಂಬ ಆಕಾಶಕಾಯ.

2017ರ ಅಕ್ಟೋಬರ್ 19ರಂದು ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕಕ್ಕೆ ಇದು ಮಂಕು ಚುಕ್ಕೆಯಾಗಿ ಕಂಡಿತು. ಸೂರ್ಯನ ಹಿಡಿತಕ್ಕೆ ಸಿಗದಷ್ಟು ವೇಗ! ಅಂದರೆ ಅದು ಸೌರಮಂಡಲದ ಹೊರಗಿನಿಂದ ಬಂದದ್ದು. ಅಂಥ ಅತಿಥಿ ಪತ್ತೆಯಾದದ್ದು ಅದೇ ಮೊದಲು. ಹವಾಯಿ ಭಾಷೆಯ ಈ ಹೆಸರಿಗೆ ದೂರದಿಂದ ಮೊದಲಿಗನಾಗಿ ಬಂದ ದೂತ ಎಂದರ್ಥ. ಆದರೆ ಕಣ್ಣಿಗೆ ಬೀಳುವ ಹೊತ್ತಿಗೆ ದೂತ ಹೊರಟಾಗಿತ್ತು. ಸೆಪ್ಟೆಂಬರ್ 9ರಂದೇ ಅದು ಸೂರ್ಯನ ಸಮೀಪ ಹಾದುಹೋಗಿತ್ತು.

ಅದರ ಹೊಳಪು ಕೆಲವೇ ಗಂಟೆಗಳಲ್ಲಿ ಸುಮಾರು 10 ಪಟ್ಟು ಏರಿಳಿಯುತ್ತಿತ್ತು. ಹಾಗಾಗಿ ಅದು ನೀಳವಾಗಿಯೋ ಚಪ್ಪಟೆಯಾಗಿಯೋ ಇದ್ದಿರಬೇಕು. ನಿಜವಾದ ತಲೆನೋವು ಶುರುವಾದದ್ದು 2018ರಲ್ಲಿ. ಸೂರ್ಯನಿಂದ ದೂರ ಹೋಗುವಾಗ ಗುರುತ್ವಾಕರ್ಷಣೆಯ ಲೆಕ್ಕ ಮೀರಿ ಏನೋ ಅದನ್ನು ತುಸು ತಳ್ಳುತ್ತಿತ್ತು. ಧೂಮಕೇತುಗಳನ್ನು ಅವುಗಳಿಂದ ಹೊರಚಿಮ್ಮುವ ಅನಿಲ ಹೀಗೆ ತಳ್ಳುತ್ತದೆ. ಇದಕ್ಕೋ ಬಾಲವೂ ಇಲ್ಲ, ಧೂಳೂ ಇಲ್ಲ. ಸೂರ್ಯನ ಬೆಳಕೇ ತಳ್ಳುವ ತೆಳು ಹಾಯಿ ಇದಾಗಿರಬಹುದು, ಅದನ್ನು ಬೇರೊಂದು ನಾಗರಿಕತೆ ತಯಾರಿಸಿರಬಹುದು ಎಂದು ಹಾರ್ವರ್ಡ್‌ನ ಅವಿ ಲೋಬ್ ವಾದಿಸಿದರು.

ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೊ ದೂರದರ್ಶಕ 2017ರ ಡಿಸೆಂಬರ್‌ನಲ್ಲೇ ಅದರತ್ತ ಕಿವಿಗೊಟ್ಟಿತ್ತು. ಯಾವ ಸಂಕೇತವೂ ಕೇಳಿಸಲಿಲ್ಲ. ಜೆನಿಫರ್ ಬರ್ಗ್ನರ್ ಮತ್ತು ಡ್ಯಾರಿಲ್ ಸೆಲಿಗ್ಮನ್ 2023ರಲ್ಲಿ ಸರಳ ವಿವರಣೆ ಕೊಟ್ಟರು. ಅಂತರಿಕ್ಷದ ವಿಕಿರಣದಿಂದ ನೀರ್ಗಲ್ಲಿನೊಳಗೆ ಹೈಡ್ರೋಜನ್ ಹುಟ್ಟಿ ಸಿಕ್ಕಿಬಿದ್ದಿರುತ್ತದೆ. ಬಿಸಿಲು ತಾಗಿದಾಗ ಧೂಳೆಬ್ಬಿಸದೆ ಹೊರಬರುತ್ತದೆ. ಲೋಬ್ ಇದನ್ನು ಒಪ್ಪಲಿಲ್ಲ. ಆದರೂ ನೌಕೆಯ ವಾದಕ್ಕಿಂತ ಇದೇ ಹೆಚ್ಚು ನಂಬಲರ್ಹ. ಖಚಿತಪಡಿಸಿಕೊಳ್ಳೋಣವೆಂದರೆ ವಸ್ತುವೇ ಕೈಗೆ ಸಿಗದಷ್ಟು ದೂರ ಹೋಗಿದೆ.

ನಕ್ಷತ್ರಗಳ ನಡುವಿನ ದೂರವೂ ಸಾಮಾನ್ಯದ್ದಲ್ಲ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ 4.2 ಜ್ಯೋತಿರ್ವರ್ಷ. ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುವ ವಾಯೇಜರ್-1ರ ವೇಗದಲ್ಲಿ ಹೊರಟರೆ 70 ಸಾವಿರ ವರ್ಷ ದಾಟುತ್ತದೆ. ಭೇಟಿ ಅಸಾಧ್ಯವೆಂದಲ್ಲ, ಆದರೆ ಬರುವವರ ತಂತ್ರಜ್ಞಾನ ನಮ್ಮದಕ್ಕಿಂತ ಬಹಳ ಮುಂದಿರಬೇಕು.

2019ರ 'ಬೋರಿಸೋವ್' ಸ್ಪಷ್ಟವಾಗಿ ಧೂಮಕೇತು. 2025ರ ಜುಲೈ 1ರಂದು ಸಿಕ್ಕ 'ಆಟ್ಲಾಸ್' ಬಗ್ಗೆ ಮತ್ತೆ ನೌಕೆಯ ಗುಲ್ಲೆದ್ದಿತು. ಆದರೆ ಸೂರ್ಯನನ್ನು ಸಮೀಪಿಸಲು ಅದಕ್ಕೆ ಇನ್ನೂ ಸುಮಾರು 4 ತಿಂಗಳಿತ್ತು. ಹಾಗಾಗಿ ಅದು ಉಗುಳುವ ಅನಿಲ, ಧೂಳನ್ನು ದೂರದರ್ಶಕಗಳು ಬರುವ ದಾರಿಯಲ್ಲೇ ಕಂಡವು.